ವಹಿವಾಟು ಏರಿತು, ಕೈಗೆ ಉಳಿದದ್ದು ಇಳಿಯಿತು: ಹೊರಗಿಂದ ತರಿಸಿದ ಬಿಡಿಭಾಗಗಳ ಲೆಕ್ಕ

ಪ್ರಶ್ನೆ: ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮುಖ್ಯವಾಗಿ ಕಾಫಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಜೊತೆಗೆ ಮೆಣಸು ಬಿಡಿಸುವ ಯಂತ್ರ ಮಾಡುತ್ತೇವೆ. ಎರಡು ವರ್ಷದ ಹಿಂದಿನವರೆಗೆ ಶೀಟ್ ಕತ್ತರಿಸುವುದರಿಂದ ಪೇಂಟ್ ಹೊಡೆಯುವವರೆಗೆ ಎಲ್ಲ ನಮ್ಮ ಶೆಡ್ಡಿನಲ್ಲೇ ನಡೆಯುತ್ತಿತ್ತು. ಆಗ 14 ಜನ ಇದ್ದರು. ವರ್ಷಕ್ಕೆ 280 ಯಂತ್ರ, 1 ಕೋಟಿ 40 ಲಕ್ಷ ವಹಿವಾಟು. ಹೊರಗಿನ ಖರೀದಿ ಎಲ್ಲ ಸೇರಿ 84 ಲಕ್ಷ. ಆಮೇಲೆ ಶೀಟ್‌ಗಳನ್ನು ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡಿಸಲು ಶುರು ಮಾಡಿದೆ. ಬೇರಿಂಗ್ ಹೌಸಿಂಗ್ ಬದಲು ರೆಡಿ ಪಿಲ್ಲೋ ಬ್ಲಾಕ್ (ಬೇರಿಂಗ್ ಕೂರಿಸಿಯೇ ಬರುವ ಹೌಸಿಂಗ್), ಗುಬುಟು (ಉಬ್ಬು) ಒತ್ತಿದ ಡ್ರಮ್ ಶೀಟ್, ಮಷೀನಿಂಗ್ ಮುಗಿದ ಕಾಸ್ಟಿಂಗ್ (ಎರಕದ ಭಾಗ) ತರಿಸುತ್ತೇನೆ. ಪೌಡರ್ ಕೋಟಿಂಗ್‌ಗೆ ಮೈಸೂರಿಗೆ ಕಳಿಸುತ್ತೇನೆ. ಮೂವರು ಕೆಲಸ ಬಿಟ್ಟರು, ಅದರಲ್ಲಿ ಒಬ್ಬ ಟರ್ನರ್, ಲೇತ್ ಕೆಲಸದವನು. ಈಗ 11 ಜನ, 320 ಯಂತ್ರ, 1 ಕೋಟಿ 76 ಲಕ್ಷ ವಹಿವಾಟು, ಖರೀದಿ 1 ಕೋಟಿ 32 ಲಕ್ಷ. ತಲಾ ಉತ್ಪಾದಕತೆ ಚೆನ್ನಾಗಿ ಏರಿದೆ ಎಂದು ಬ್ಯಾಂಕಿನವರು ಮೆಚ್ಚಿದರು. ಆದರೆ ನನ್ನ ಕೈಗೆ ಉಳಿಯುವುದು ಮೊದಲಿಗಿಂತ ಕಡಿಮೆ. ‘ಹೊರಗಿನ ಮಾಲು ಬಂದಮೇಲೆ ರಿಪೇರಿ ಕೆಲಸವೇ ಜಾಸ್ತಿ’ ಅಂತ ಮೇಸ್ತ್ರಿ ಗೊಣಗುತ್ತಾನೆ. ಚಿಕ್ಕಮಗಳೂರಿನ ನನ್ನ ಸ್ನೇಹಿತರು ಬರೀ 5 ಜನ ಇಟ್ಟುಕೊಂಡು ಜೋಡಣೆ ಮಾತ್ರ ಮಾಡುತ್ತಾರೆ. ನಾನೂ ಫ್ರೇಮ್ ವೆಲ್ಡಿಂಗ್ ಹೊರಗೆ ಕೊಟ್ಟುಬಿಡಲೇ? ಅಥವಾ 28 ಲಕ್ಷದ ಲೇಸರ್ ಮಷೀನ್ ಕೊಟೇಶನ್ ಬಂದಿದೆ, ಅದನ್ನೇ ತೆಗೆದುಕೊಳ್ಳಲೇ?

ಉತ್ತರ: ಇಷ್ಟು ಅಂಕಿ ಕೊಟ್ಟು ಕೇಳುವವರು ಕಡಿಮೆ. ಜೊತೆಗೆ ಹಾಜರಿ ಪುಸ್ತಕದ ಪ್ರತಿ, ಬಿಡಿಭಾಗವಾರು ಬಿಲ್ಲುಗಳನ್ನೂ ಕಳಿಸಿದ್ದೀರಿ. ಹಾಗಾಗಿ ಊಹೆ ಮಾಡದೆ ನಿಮ್ಮದೇ ಲೆಕ್ಕದಲ್ಲಿ ಮಾತಾಡಬಹುದು.

ನಿಮ್ಮ ಗೊಂದಲ ಇಷ್ಟು. ಒಬ್ಬ ಕೆಲಸಗಾರನ ಲೆಕ್ಕಕ್ಕೆ ಬರುವ ವಹಿವಾಟು 10 ಲಕ್ಷದಿಂದ 16 ಲಕ್ಷಕ್ಕೆ ಹೋಗಿದೆ. ಹಾಗಾದರೆ ಲಾಭವೂ ಏರಬೇಕಿತ್ತಲ್ಲ? ಬ್ಯಾಂಕಿನವರು ಸರಿಯೋ, ಮೇಸ್ತ್ರಿ ಸರಿಯೋ? ಇಬ್ಬರೂ ಸರಿ. ಬ್ಯಾಂಕಿನವರು ನೋಡಿದ್ದು ವಹಿವಾಟನ್ನು. ನಿಮ್ಮ ಮೇಸ್ತ್ರಿ ನೋಡುತ್ತಿರುವುದು ಗಂಟೆಗಳನ್ನು.

ವಹಿವಾಟಿನಲ್ಲಿ ನಿಮ್ಮ ಜನರ ದುಡಿಮೆಯೂ ಇದೆ, ಪೀಣ್ಯದವರ ದುಡಿಮೆಯೂ ಇದೆ, ಎರಕ ಹೊಯ್ಯುವ ಫೌಂಡ್ರಿಯವರದ್ದೂ ಮೋಟಾರ್ ಕಂಪನಿಯದ್ದೂ ಇದೆ. ನೀವು ನಾಳೆ ಪೂರ್ತಿ ತಯಾರಾದ ಪಲ್ಪರ್ ತಂದು ಸ್ಟಿಕ್ಕರ್ ಅಂಟಿಸಿ ಮಾರಿದರೆ ಇಬ್ಬರೇ ಜನರಲ್ಲಿ ಕೋಟಿ ರೂಪಾಯಿ ವಹಿವಾಟು ಮಾಡಬಹುದು. ಆ ಇಬ್ಬರು ಜಗತ್ತಿನ ಅತಿ ಚುರುಕಿನ ಕೆಲಸಗಾರರು ಅಂತ ಯಾರಾದರೂ ಹೇಳುತ್ತಾರಾ? ಹಾಗಾಗಿ ಮೊದಲು ಹೊರಗಿನ ಖರೀದಿಯನ್ನು ಕಳೆಯಬೇಕು. ಸಾಮಾನು, ಬಿಡಿಭಾಗ, ಜಾಬ್ ವರ್ಕ್ (ನಮ್ಮ ಮಾಲು ಕೊಟ್ಟು ಹೊರಗೆ ಮಾಡಿಸುವ ಕೆಲಸ), ಕರೆಂಟ್, ಸಾಗಣೆ, ಎಲ್ಲವೂ, ಜಿಎಸ್‌ಟಿ ಬಿಟ್ಟು. ಉಳಿದದ್ದೇ ನಿಮ್ಮ ಶೆಡ್ಡಿನಲ್ಲಿ ಸೇರಿದ ಮೌಲ್ಯ. ಕೂಲಿ, ಬಾಡಿಗೆ, ಬಡ್ಡಿ, ನಿಮ್ಮ ಮನೆ ಖರ್ಚು ಎಲ್ಲ ಹುಟ್ಟುವುದು ಅದರಿಂದ.

ಮೊದಲು: 140 ಲಕ್ಷದಲ್ಲಿ 84 ಕಳೆದರೆ 56 ಲಕ್ಷ. 14 ಜನರಿಗೆ ಹಂಚಿದರೆ ತಲಾ 4 ಲಕ್ಷ. ಈಗ: 176ರಲ್ಲಿ 132 ಕಳೆದರೆ 44 ಲಕ್ಷ. 11 ಜನರಿಗೆ ಹಂಚಿದರೆ ತಲಾ 4 ಲಕ್ಷ. ಎಳ್ಳಷ್ಟೂ ಏರಿಲ್ಲ.

ಗಂಟೆ ಲೆಕ್ಕ ಇನ್ನೂ ಬಿಗಿ. ನಿಮ್ಮ ಹಾಜರಿ ಪುಸ್ತಕದ ಪ್ರಕಾರ ಮೊದಲು ವರ್ಷಕ್ಕೆ 33,600 ಗಂಟೆ ದುಡಿಮೆ ಇತ್ತು. ಈಗ ಓಟಿ ಸೇರಿ 29,000. ಗಂಟೆಗೆ ಸೇರಿದ ಮೌಲ್ಯ ಸುಮಾರು 167 ರೂಪಾಯಿಯಿಂದ 152ಕ್ಕೆ ಇಳಿದಿದೆ. ಕೂಲಿ ಬಟವಾಡೆ ಮೊದಲು 33.6 ಲಕ್ಷ, ಈಗ 29.5 ಲಕ್ಷ. ಕೂಲಿ ಕೊಟ್ಟಮೇಲೆ ನಿಮಗೆ ಉಳಿಯುತ್ತಿದ್ದದ್ದು 22.4 ಲಕ್ಷ. ಈಗ ಉಳಿಯುವುದು 14.5 ಲಕ್ಷ. ‘ಕೈಗೆ ಉಳಿಯುವುದು ಕಡಿಮೆ’ ಅಂತ ನೀವು ಬರೆದದ್ದು ಇದೇ.

ಇದು ನಿಮ್ಮೊಬ್ಬರ ಕಥೆಯಲ್ಲ. ಕೇಂದ್ರ ಸರ್ಕಾರ ಪ್ರತಿ ವರ್ಷ ನಡೆಸುವ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಲ್ಲೂ ಉತ್ಪಾದನೆ, ಖರೀದಿ, ಸೇರಿದ ಮೌಲ್ಯ ಎಂಬ ಮೂರನ್ನು ಬೇರೆ ಬೇರೆ ಬರೆಯುತ್ತಾರೆ. 2022-23ರಲ್ಲಿ ಪ್ರಚಲಿತ ಬೆಲೆಯಲ್ಲಿ ಉತ್ಪಾದನೆ ಶೇ 21.5 ಏರಿತು. ಖರೀದಿ ಶೇ 24.4 ಏರಿತು. ಹಾಗಾಗಿ ಸೇರಿದ ಮೌಲ್ಯ ಏರಿದ್ದು ಶೇ 7.3 ಮಾತ್ರ. ಆ ವರ್ಷ ಇಡೀ ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ಪ್ರತಿ 100 ರೂಪಾಯಿ ಉತ್ಪಾದನೆಯಲ್ಲಿ ಒಳಗೆ ಸೇರಿದ ಮೌಲ್ಯ ಸುಮಾರು 15 ರೂಪಾಯಿ. ಅದರಲ್ಲಿ ಕಚ್ಚಾ ತೈಲ ಸಂಸ್ಕರಿಸುವ ದೈತ್ಯರೂ ಇದ್ದಾರೆ, ಹಾಗಾಗಿ ಆ 15ಕ್ಕೆ ನಿಮ್ಮನ್ನು ಹೋಲಿಸಬೇಡಿ. ನಿಮ್ಮದನ್ನು ನಿಮ್ಮ ಹಳೇ ಲೆಕ್ಕಕ್ಕೇ ಹೋಲಿಸಿ. 100ಕ್ಕೆ 40 ಇದ್ದದ್ದು 25 ಆಗಿದೆ.

ಅರ್ಥಶಾಸ್ತ್ರದವರೂ ಈ ಗೊಂದಲ ಬಲ್ಲರು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಕಾರ್ಖಾನೆಗಳ ಉತ್ಪಾದಕತೆ ಲೆಕ್ಕ ಹಾಕುವಾಗ ಬಂಡವಾಳ, ದುಡಿಮೆ, ಇಂಧನ, ಸಾಮಾನು, ಹೊರಗಿಂದ ಕೊಂಡ ಸೇವೆ ಎಂದು ಐದನ್ನು ಬೇರ್ಪಡಿಸುತ್ತದೆ. ನಮ್ಮ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಕೆಎಲ್‌ಇಎಂಎಸ್ ಅಂಕಿಅಂಶದಲ್ಲೂ ಇದೇ ಐದು, ಆ ಹೆಸರೇ ಈ ಐದರ ಇಂಗ್ಲಿಷ್ ಗುರುತಕ್ಷರ. ಕೆಲಸಗಾರನ ಗಂಟೆಯೊಂದಕ್ಕೆ ಉತ್ಪಾದನೆ ಏರಿದರೆ, ಅದರಲ್ಲಿ ಎಷ್ಟು ಭಾಗ ಬರೀ ಹೊರಗಿನ ಮಾಲು ಜಾಸ್ತಿ ಬಳಸಿದ್ದರಿಂದ ಬಂತು ಎಂದು ಬಿಡಿಸಿ ನೋಡಲು ಈ ಏರ್ಪಾಡು. ನಾವು ಅಷ್ಟು ದೊಡ್ಡ ಗಣಿತ ಮಾಡುವುದು ಬೇಡ. ಒಂದು ಪ್ರಶ್ನೆ ಸಾಕು: ಒಂದು ಗಂಟೆ ಉಳಿಸಲು ಹೊರಗೆ ಎಷ್ಟು ರೂಪಾಯಿ ಕೊಟ್ಟೆ, ಆ ಉಳಿದ ಗಂಟೆ ಎಲ್ಲಿ ಹೋಯಿತು?

ಈಗ ನಿಮ್ಮ ಪರವಾಗಿ ಒಂದು ಮಾತು. ಹೊರಗಿನ ಮಾಲಿನಿಂದ ಏನೂ ಉಪಯೋಗ ಆಗಿಲ್ಲ ಅನ್ನುವುದೂ ತಪ್ಪು. ಮೊದಲು ಒಂದು ಯಂತ್ರಕ್ಕೆ 120 ಗಂಟೆ ಹಿಡಿಯುತ್ತಿತ್ತು. ಈಗ ಸುಮಾರು 91. ಯಂತ್ರಕ್ಕೆ 29 ಗಂಟೆ ನಿಜವಾಗಿ ಉಳಿದಿದೆ, ಅದು ಸಣ್ಣ ಸಾಧನೆಯಲ್ಲ. ಪ್ರಶ್ನೆ ಅದಕ್ಕೆ ಕೊಟ್ಟ ಬೆಲೆಯದ್ದು. ಒಂದು ಯಂತ್ರಕ್ಕೆ ಖರೀದಿ 30,000ದಿಂದ 41,250ಕ್ಕೆ ಏರಿದೆ. ಈ 11,250ರಲ್ಲಿ ಮೋಟಾರ್, ಶೀಟ್ ಬೆಲೆ ಏರಿದ್ದು ನಿಮ್ಮ ಬಿಲ್ಲುಗಳ ಪ್ರಕಾರ ಸುಮಾರು 4,000. ಉಳಿದ 7,250 ರೂಪಾಯಿ 29 ಗಂಟೆಗೆ ಕೊಟ್ಟ ಬೆಲೆ. ಅಂದರೆ ಗಂಟೆಗೆ 250. ನಿಮ್ಮ ಹಳೇ ಕೂಲಿ ಗಂಟೆಗೆ 100 ಇತ್ತು. ವರ್ಷಕ್ಕೆ ನೋಡಿದರೆ ಆ ಹಳೇ ದರದಲ್ಲಿ ಮೂವರ ಕೂಲಿ 7.2 ಲಕ್ಷ ಉಳಿಯಿತು, ಹೊರಗೆ ಹೋದದ್ದು 23.2 ಲಕ್ಷ. 40 ಯಂತ್ರ ಜಾಸ್ತಿ ಮಾರಿದ್ದರಿಂದ ಬಂದದ್ದು 5.5 ಲಕ್ಷ. ಈ ಮೂರು ಅಂಕಿ ಪಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿ.

ಆದರೆ 250 ಎಂಬುದು ಸರಾಸರಿ. ಸರಾಸರಿ ನೋಡಿ ಎಲ್ಲವನ್ನೂ ವಾಪಸ್ ಒಳಗೆ ತರಬೇಡಿ. ಬಿಡಿಭಾಗ ಒಂದೊಂದಾಗಿ ಬಿಡಿಸಿದರೆ ಚಿತ್ರ ಬೇರೆ.

ಪಿಲ್ಲೋ ಬ್ಲಾಕ್ ತೆಗೆದುಕೊಳ್ಳಿ. ಯಂತ್ರಕ್ಕೆ 500 ರೂಪಾಯಿ ಜಾಸ್ತಿ ಖರ್ಚು, 4 ಗಂಟೆ ಬೋರಿಂಗ್ ಕೆಲಸ ಉಳಿತಾಯ. ಗಂಟೆಗೆ 125. ಹೌಸಿಂಗ್ ಎರಕ ತರಿಸಿ, ಬೋರ್ ಮಾಡಿ, ಬೇರಿಂಗ್ ಒತ್ತಿ ಕೂರಿಸುವ ಕೆಲಸವನ್ನು ಲಕ್ಷಗಟ್ಟಲೆ ಮಾಡುವ ಕಾರ್ಖಾನೆ ಇರುವಾಗ ನಾವು ಒಂದೊಂದೇ ಮಾಡುವುದರಲ್ಲಿ ಅರ್ಥವಿಲ್ಲ. ಯುಸಿಪಿ 205 ನಂಬರಿನ ಪಿಲ್ಲೋ ಬ್ಲಾಕ್ ಅಂದರೆ 25 ಮಿಲಿಮೀಟರ್ ಶಾಫ್ಟ್‌ಗೆ ಎಲ್ಲಿ ಕೊಂಡರೂ ಕೂರಬೇಕು. ನಕಲಿ ಬೇರಿಂಗ್ ಕಾಟ ಮಾತ್ರ ಇದೆ. ಅಧಿಕೃತ ಡೀಲರ್ ಬಿಲ್ ಇಲ್ಲದೆ ಬೇರಿಂಗ್ ಕೊಳ್ಳಬೇಡಿ. ಕಾಫಿ ಕುಯ್ಲಿನ ಮಧ್ಯೆ ಸಕಲೇಶಪುರದ ತೋಟದಲ್ಲಿ ಪಲ್ಪರ್ ನಿಂತರೆ ಇಬ್ಬರನ್ನು ಅರ್ಧ ದಿನ ಕಳಿಸಬೇಕಾಗುತ್ತದೆ. ಆ ಗಂಟೆಗಳನ್ನು ಯಾರೂ ಬೇರಿಂಗ್ ಖಾತೆಗೆ ಬರೆಯುವುದಿಲ್ಲ.

ಲೇಸರ್ ಕಟಿಂಗ್ ನಿಮ್ಮ ಅತಿ ಒಳ್ಳೆಯ ನಿರ್ಧಾರ. 1,800 ರೂಪಾಯಿಗೆ 12 ಗಂಟೆ, ಅಂದರೆ ಗಂಟೆಗೆ 150. ಇಲ್ಲಿ ಕತ್ತರಿಸುವ ಸಮಯ ಮಾತ್ರ ಉಳಿಯುವುದಲ್ಲ. ಗ್ಯಾಸ್ ಕಟಿಂಗ್‌ನಲ್ಲಿ ಅಂಚಿಗೆ ಸ್ಲ್ಯಾಗ್ ಅಂಟುತ್ತದೆ, ಗ್ರೈಂಡ್ ಮಾಡಬೇಕು. ಶಾಖಕ್ಕೆ ಪ್ಲೇಟ್ ಬಾಗುತ್ತದೆ, ಬಡಿದು ನೆಟ್ಟಗೆ ಮಾಡಬೇಕು. ತೂತು ಬೇರೆ ಗುರುತು ಹಾಕಿ ಕೊರೆಯಬೇಕು. ಎರಡು ಸೈಡ್ ಪ್ಲೇಟ್ ಒಂದೇ ಅಳತೆ ಇರುವುದಿಲ್ಲ, ಹಾಗಾಗಿ ಜೋಡಿಸುವಾಗ ಎಳೆದಾಡಬೇಕು. ಲೇಸರ್‌ನಲ್ಲಿ ಇದೆಲ್ಲ ಒಟ್ಟಿಗೆ ಹೋಗುತ್ತದೆ. ಒಳ್ಳೆಯ ಖರೀದಿ ಅಂದರೆ ಹೀಗೇ ಇರಬೇಕು: ಬಂದ ಬಿಡಿಭಾಗ ಮುಂದಿನ ನಾಲ್ಕು ಕೆಲಸಗಳನ್ನೂ ಹಗುರ ಮಾಡಬೇಕು. ನಿಮ್ಮ ಡ್ರಾಯಿಂಗ್‌ನಲ್ಲಿ ಸಣ್ಣ ನಾಲಿಗೆ ಮತ್ತು ಸೀಳು ಕೊಟ್ಟು, ಒಂದು ಪ್ಲೇಟ್ ಇನ್ನೊಂದರಲ್ಲಿ ತಾನೇ ಕೂರುವಂತೆ ಮಾಡಿದರೆ ವೆಲ್ಡಿಂಗ್ ಫಿಕ್ಸ್ಚರ್ ಕೆಲಸವೂ ಅರ್ಧ ಕಡಿಮೆಯಾಗುತ್ತದೆ. ಅದಕ್ಕೆ ಲೇಸರ್‌ನವರು ಹೆಚ್ಚಿಗೆ ಕೇಳುವುದು ಬಹಳ ಕಡಿಮೆ.

ಡ್ರಮ್ ಶೀಟ್‌ಗೆ ಗಂಟೆಗೆ 215 ಬಿದ್ದಿದೆ (1,400 ರೂಪಾಯಿ, ಆರೂವರೆ ಗಂಟೆ). ಎರಡು ಕಡೆಯೂ ವಾಲಬಹುದಾದ ಲೆಕ್ಕ. ಆದರೆ ಗುಬುಟಿನ ಎತ್ತರ ಒಂದೇ ಸಮ ಇದ್ದರೆ ಡ್ರಮ್‌ಗೂ ಎದುರಿನ ಪ್ಲೇಟ್‌ಗೂ ನಡುವಿನ ಸಂದು ಬೇಗ ಹೊಂದುತ್ತದೆ, ಬೀಜಕ್ಕೆ ಗಾಯ ಕಡಿಮೆ. ಪ್ಲಾಂಟರ್ ಅದನ್ನೇ ನೋಡುವುದು. ಇದನ್ನು ಮುಂದುವರಿಸಿ.

ಶೀಟ್ ಬಗ್ಗೆ ಒಂದು ಉಪಕಥೆ ಹೇಳಲೇಬೇಕು. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಎಸ್‌ಎಸ್ 304 ಮತ್ತು 202 ಎಂಬ ಸ್ಟೇನ್‌ಲೆಸ್ ಸ್ಟೀಲ್ ದರ್ಜೆಗಳೆರಡಕ್ಕೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. 304ರಲ್ಲಿ ನಿಕ್ಕಲ್ ಸುಮಾರು ಶೇ 8 ಇರುತ್ತದೆ. 202ರಲ್ಲಿ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ಕಾಫಿ ಹಣ್ಣಿನ ಲೋಳೆ ಹುಳಿ ಬರುತ್ತದೆ, ಅದಕ್ಕೆ 202 ಬೇಗ ಸೋಲುತ್ತದೆ. ಕಿಲೋಗೆ ಕೆಲವು ರೂಪಾಯಿ ಉಳಿಸಿದ ಶೀಟ್, ಮುಂದಿನ ವರ್ಷ ನಿಮ್ಮ ಹುಡುಗರ ಗಂಟೆಗಳನ್ನು ಪುಗಸಟ್ಟೆ ತಿನ್ನುತ್ತದೆ. ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಕೊಡದಿದ್ದರೆ ಒಂದು ತುಂಡನ್ನು ಲ್ಯಾಬಿಗೆ ಕಳಿಸಿ.

ಈಗ ನೋವಿನ ಜಾಗ, ಕಾಸ್ಟಿಂಗ್. ಒರಟು ಎರಕ ತಂದಾಗ ಸೆಟ್‌ಗೆ 2,200 ಆಗುತ್ತಿತ್ತು, ನಿಮ್ಮ ಲೇತ್‌ನಲ್ಲಿ 5 ಗಂಟೆ ಕೆಲಸ. ಈಗ ಮಷೀನಿಂಗ್ ಮುಗಿದು ಬಂದದ್ದಕ್ಕೆ 3,400. 1,200ಕ್ಕೆ 5 ಗಂಟೆ ಉಳಿಯಿತು ಎಂದು ನೀವು ಬರೆದುಕೊಂಡಿದ್ದೀರಿ. ಮೇಸ್ತ್ರಿಯ ಪುಸ್ತಕ ಬೇರೆ ಹೇಳುತ್ತದೆ. ಬೋರ್ ಸೆಂಟರ್ ತಪ್ಪಿ, ತೂತು ಫ್ರೇಮಿಗೆ ಹೊಂದದೆ, ಸರಾಸರಿ ಎರಡೂವರೆ ಗಂಟೆ ಸರಿಪಡಿಸಲು ಹೋಗುತ್ತಿದೆ. ಅಂದರೆ ನಿಜವಾಗಿ ಉಳಿದದ್ದು ಎರಡೂವರೆ ಗಂಟೆ, ಗಂಟೆಗೆ 480 ರೂಪಾಯಿ. ಅದೂ ಯಾರ ಗಂಟೆ? ಟರ್ನರ್ ಬಿಟ್ಟುಹೋದಮೇಲೆ ಲೇತ್ ಮುಂದೆ ನಿಲ್ಲುತ್ತಿರುವವನು ನಿಮ್ಮ ಮೇಸ್ತ್ರಿ. ಅವನು ಅಲ್ಲಿ ನಿಂತಷ್ಟು ಹೊತ್ತು ಇಡೀ ಜೋಡಣೆ ನಿಧಾನ. ಅವನ ಗೊಣಗಾಟದಲ್ಲಿ ನ್ಯಾಯ ಇದೆ.

ಇಂಥ ಎರಕವನ್ನು ಲೇತ್‌ಗೆ ಹಾಕಿದಾಗ ಟೂಲ್ ಟಿಪ್ ಮುರಿಯುವುದಕ್ಕೂ ಕಾರಣ ಇದೆ. ಎರಕದ ತೆಳುವಾದ ಭಾಗ ಅಚ್ಚಿನಲ್ಲಿ ಬೇಗ ತಣ್ಣಗಾದರೆ ಅಲ್ಲಿ ಇಂಗಾಲ ಗ್ರಾಫೈಟ್ ಆಗಿ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಕಬ್ಬಿಣದ ಜೊತೆ ಸೇರಿ ಗಾಜಿನಂತೆ ಗಟ್ಟಿಯಾಗುತ್ತದೆ. ಫೌಂಡ್ರಿಯವರು ಇದನ್ನು ಚಿಲ್ ಅನ್ನುತ್ತಾರೆ. ಸಿಲಿಕಾನ್ ಕಡಿಮೆಯಾದರೂ ಚಿಲ್ ಜಾಸ್ತಿ. ತಪ್ಪು ಅರ್ಧ ನಮ್ಮದೂ ಇರುತ್ತದೆ: ಪ್ಯಾಟರ್ನ್‌ನಲ್ಲಿ ದಪ್ಪ ಗುಂಬಕ್ಕೆ ತೆಳು ಪಕ್ಕೆ ಹಚ್ಚಿ, ಮೂಲೆಗೆ ದುಂಡು ಕೊಡದೆ ಕಳಿಸಿರುತ್ತೇವೆ. ನಿಮ್ಮ ಆರ್ಡರ್ ಕಾಗದ ನೋಡಿದೆ. ‘ಸಿಐ ಕಾಸ್ಟಿಂಗ್ 50 ಸೆಟ್, ಅರ್ಜೆಂಟ್’ ಅಂತ ಮಾತ್ರ ಇದೆ (ಸಿಐ ಅಂದರೆ ಬೀಡು ಕಬ್ಬಿಣ). ಹೀಗೆ ಕೊಟ್ಟರೆ ಬರುವುದೂ ಹಾಗೇ. ಐಎಸ್ 210 ಎಂಬ ಭಾರತೀಯ ಮಾನಕದ ಪ್ರಕಾರ ಎಫ್‌ಜಿ 200 ಗ್ರೇಡ್ ಎಂದು ಬರೆಯಿರಿ. ಗಡಸುತನ ಬ್ರಿನೆಲ್ ಅಳತೆಯಲ್ಲಿ ಸುಮಾರು 160ರಿಂದ 220 ಬಿಎಚ್‌ಎನ್ ಒಳಗಿರಲಿ ಎಂದು ಬರೆಯಿರಿ. ಬೋರ್ ಅಳೆಯಲು ಹೋಗು-ಹೋಗದ ಗೇಜ್ (ಬೋರ್ ಸರಿಯಿದ್ದರೆ ಒಂದು ತುದಿ ಒಳಗೆ ಹೋಗುತ್ತದೆ, ಇನ್ನೊಂದು ಹೋಗುವುದಿಲ್ಲ) ಒಂದು ಮಾಡಿಸಿ ಅವರಿಗೇ ಕೊಡಿ, ಅದರ ಜೋಡಿ ನಿಮ್ಮಲ್ಲಿರಲಿ. ಮೊದಲ ಪೀಸ್ ನೋಡಿ ಒಪ್ಪಿದಮೇಲೆ ಉಳಿದದ್ದು. ಗುಳ್ಳೆಗೆ ಮೆಟಲ್ ಪುಟ್ಟಿ ತುಂಬಿ ಬಣ್ಣ ಹೊಡೆದದ್ದು ಸಿಕ್ಕರೆ ಆ ಸೆಟ್ ವಾಪಸ್, ಸಾಗಣೆ ಅವರದು ಎಂದು ಮೊದಲೇ ಬರೆದಿಡಿ.

ಪೌಡರ್ ಕೋಟಿಂಗ್ ಎಲ್ಲಕ್ಕಿಂತ ದುಬಾರಿ. ಮೈಸೂರಿಗೆ ಹೋಗಿಬರುವ ಗಾಡಿ ಬಾಡಿಗೆ ಸೇರಿ 2,350 ರೂಪಾಯಿ, ಉಳಿದದ್ದು 4 ಗಂಟೆ. ಗಂಟೆಗೆ 590ರ ಹತ್ತಿರ. ನೋಡಲು ಚೆಂದ, ಒಪ್ಪುತ್ತೇನೆ. ಜುಲೈ, ಆಗಸ್ಟ್ ಮಳೆಯಲ್ಲಿ ಶೆಡ್ಡಿನೊಳಗೆ ಪೇಂಟ್ ಒಣಗುವುದಿಲ್ಲ ಅನ್ನುವುದೂ ನಿಜ. ಆ ಎರಡು ತಿಂಗಳಿಗೆ ಕಳಿಸಿ, ಉಳಿದ ಕಾಲಕ್ಕೆ ಎಪಾಕ್ಸಿ ಪ್ರೈಮರ್ ಮೇಲೆ ಪಿಯು ಪೇಂಟ್ ನಿಮ್ಮಲ್ಲೇ ಹೊಡೆಯಿರಿ. ಕಾಂತಿಗಾಗಿ ಪ್ಲಾಂಟರ್ ಜಾಸ್ತಿ ದುಡ್ಡು ಕೊಡುತ್ತಾರೆ ಅಂದರೆ ಮಾತು ಬೇರೆ. ನಿಮ್ಮ ಮಾರಾಟ ಬೆಲೆಯಲ್ಲಿ ಅದು ಕಾಣುತ್ತಿಲ್ಲ.

ಈ 125, 150, 480ಗಳನ್ನು ಯಾವುದಕ್ಕೆ ಹೋಲಿಸಬೇಕು? ಕೂಲಿಯ 100ಕ್ಕೆ ಹೋಲಿಸುವುದು ಸಾಮಾನ್ಯ ರೂಢಿ, ಆದರೆ ಅದು ಪೂರ್ತಿ ಸರಿಯಲ್ಲ. ಹಾಸನ, ಚಿಕ್ಕಮಗಳೂರಿನಲ್ಲಿ ನಿಮ್ಮಂಥ ವರ್ಕ್‌ಶಾಪಿಗೆ ವರ್ಷದಲ್ಲಿ ಎರಡು ಕಾಲ. ಅರೇಬಿಕಾ ಹಣ್ಣು ನವೆಂಬರ್‌ನಿಂದ ಶುರು, ರೊಬಸ್ಟಾ ಅದರ ಹಿಂದೆಯೇ, ಮೆಣಸು ಅದರ ಹಿಂದೆ. ಪಲ್ಪರ್ ಬೇಕಾದವರು ಆಗಸ್ಟ್‌ನಿಂದ ಫೋನ್ ಮಾಡಲು ಶುರು ಮಾಡುತ್ತಾರೆ, ಅಕ್ಟೋಬರ್ ಕೊನೆಗೆ ‘ನಾಳೆಯೇ ಬೇಕು’ ಅನ್ನುತ್ತಾರೆ. ಆ ಮೂರು ತಿಂಗಳಲ್ಲಿ ಉಳಿದ ಒಂದು ಗಂಟೆ ಇನ್ನೊಂದು ಯಂತ್ರಕ್ಕೆ ಹೋಗುತ್ತದೆ, ಆ ಯಂತ್ರ ಮಾರಾಟವಾಗುತ್ತದೆ. ಆಗ ಒಂದು ಗಂಟೆಯ ಬೆಲೆ 150ರಿಂದ 170 ರೂಪಾಯಿ. ಏಪ್ರಿಲ್, ಮೇ, ಜೂನ್‌ನಲ್ಲಿ ಉಳಿದ ಗಂಟೆ ಎಲ್ಲಿಗೆ ಹೋಗುತ್ತದೆ? ಎಲ್ಲೂ ಇಲ್ಲ. ಹುಡುಗರು ಟೀ ಕುಡಿದು ಕೂರುತ್ತಾರೆ, ಸಂಬಳ ಹೇಗೂ ಕೊಡುತ್ತೀರಿ. ಆ ತಿಂಗಳಲ್ಲಿ 150 ರೂಪಾಯಿ ಕೊಟ್ಟು ಗಂಟೆ ಉಳಿಸುವುದೂ ದಂಡ.

ನೀವು ವರ್ಷಪೂರ್ತಿ ಒಂದೇ ನಿಯಮ ಇಟ್ಟುಕೊಂಡಿದ್ದೀರಿ. ನನ್ನ ಅನುಭವದಲ್ಲಿ ಸೀಸನ್ ನೋಡಿ ನಡೆಯುವ ಯಂತ್ರ ತಯಾರಕರು ಎಡವುವುದು ಇಲ್ಲೇ. ಒಂದೇ ಬಿಡಿಭಾಗವನ್ನು ಬೇಸಿಗೆಯಲ್ಲಿ ಒಳಗೆ ಮಾಡಿ, ಸೀಸನ್‌ನಲ್ಲಿ ಹೊರಗಿಂದ ತರಿಸಬಹುದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಕಾಸ್ಟಿಂಗ್‌ಗೆ ಇದನ್ನು ಹಚ್ಚಿ ನೋಡೋಣ. ಮಾರ್ಚ್‌ನಲ್ಲಿ 160 ಸೆಟ್ ಒರಟು ಎರಕ ತರಿಸಿದರೆ 3.52 ಲಕ್ಷ ಕಟ್ಟಿಹಾಕಿದಂತೆ. ಶೇ 11 ಬಡ್ಡಿಯಲ್ಲಿ ಆರು ತಿಂಗಳಿಗೆ 19,000 ಚಿಲ್ಲರೆ. ಇನ್ನೊಂದು 160 ಸೆಟ್ ಆಗಸ್ಟ್‌ನಲ್ಲಿ. ವರ್ಷಕ್ಕೆ 320 ಸೆಟ್‌ನಲ್ಲಿ ಸೆಟ್‌ಗೆ 1,200ರಂತೆ 3.84 ಲಕ್ಷ ಉಳಿಯುತ್ತದೆ. ಲೇತ್ ಕೆಲಸ 1,600 ಗಂಟೆ. ಒಬ್ಬ ಟರ್ನರ್‌ಗೆ ವರ್ಷಕ್ಕೆ 3 ಲಕ್ಷ ಕೊಟ್ಟರೂ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ, ದೊಡ್ಡ ಲಾಭವೇನೂ ಇಲ್ಲ. ಲಾಭ ಇರುವುದು ಬೇರೆ ಕಡೆ: ಮೇಸ್ತ್ರಿಯ 800 ಗಂಟೆ ಬಿಡುಗಡೆಯಾಗುತ್ತದೆ, ಟರ್ನರ್‌ನ ಕೈಯಲ್ಲೂ ಇನ್ನೂ 800 ಗಂಟೆ ಶಾಫ್ಟ್, ಪುಲ್ಲಿ, ಸರ್ವಿಸ್ ಕೆಲಸಕ್ಕೆ ಉಳಿಯುತ್ತದೆ. ಅಪಾಯವೂ ಇದೆ. ಒಳ್ಳೆಯ ಟರ್ನರ್ ಸಿಗುವುದು ಕಷ್ಟ, ಸಿಕ್ಕವನು ಬೆಂಗಳೂರಿಗೆ ಹೊರಡುತ್ತಾನೆ. ಐಟಿಐ ಮುಗಿಸಿದ ಹುಡುಗನೊಬ್ಬನನ್ನು ಅಪ್ರೆಂಟಿಸ್ ಆಗಿ ಜೊತೆಗೆ ಹಾಕಿಕೊಳ್ಳಿ. ಕೆಲಸ ಹೊರಗೆ ಕೊಡುವುದು ಒಂದು ಫೋನ್ ಕರೆಯಷ್ಟು ಸುಲಭ. ಹೋದ ಕಸುಬನ್ನು ವಾಪಸ್ ತರಲು ವರ್ಷಗಳು ಹಿಡಿಯುತ್ತವೆ.

ಚಿಕ್ಕಮಗಳೂರಿನ ಸ್ನೇಹಿತರ ವಿಷಯ. 5 ಜನರಲ್ಲಿ ಅಷ್ಟು ಯಂತ್ರ ಹೇಗೆ ಅಂತ ಹೊಟ್ಟೆಕಿಚ್ಚು ಪಡುವ ಮೊದಲು ಅವರ ಶೆಡ್ಡಿನಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ತಲೆ ಎಣಿಸಿ. ಪೀಸ್ ಲೆಕ್ಕದ ವೆಲ್ಡರ್‌ಗಳು, ಕಂಟ್ರಾಕ್ಟರ್ ಕಡೆಯ ಫಿಟ್ಟರ್‌ಗಳು ಹಾಜರಿ ಪುಸ್ತಕದಲ್ಲಿ ಬರುವುದಿಲ್ಲ, ಅವರ ಕೂಲಿ ‘ಖರೀದಿ’ ಕಾಲಂನಲ್ಲಿ ಕೂತಿರುತ್ತದೆ. ಅವರಲ್ಲೂ ಹಾಗೇ ಇದೆ ಎಂದು ನಾನು ಹೇಳುತ್ತಿಲ್ಲ, ಆದರೆ ಇಂಥ ಲೆಕ್ಕ ಬಹಳ ಕಡೆ ನೋಡಿದ್ದೇನೆ. ಮೇಲೆ ಹೇಳಿದ ವಾರ್ಷಿಕ ಸಮೀಕ್ಷೆಯಲ್ಲೂ ಕಂಟ್ರಾಕ್ಟರ್ ಮೂಲಕ ಬಂದ ಕೆಲಸಗಾರರನ್ನು ಸೇರಿಸಿಯೇ ಎಣಿಸುತ್ತಾರೆ. ನೀವೂ ಹಾಗೇ ಎಣಿಸಿ.

ಫ್ರೇಮ್ ವೆಲ್ಡಿಂಗ್ ಹೊರಗೆ ಕೊಡಲೇ ಅಂದಿರಿ. ಬೇಡ. ಫ್ರೇಮ್ ಎರಡು ಮಿಲಿಮೀಟರ್ ತಿರುಚಿದರೆ ಪಿಲ್ಲೋ ಬ್ಲಾಕ್ ಒಂದೇ ಗೆರೆಯಲ್ಲಿ ಕೂರುವುದಿಲ್ಲ, ಶಾಫ್ಟ್ ಬಿಗಿ, ಬೆಲ್ಟ್ ಹೊರಗೆ ಜಾರುತ್ತದೆ, ಡ್ರಮ್ ಸಂದು ಒಂದು ಕಡೆ ಅಗಲ. ಲೇಸರ್ ಪ್ಲೇಟಿನಿಂದ ಉಳಿದ 12 ಗಂಟೆ ಅಲ್ಲೇ ವಾಪಸ್ ಹೋಗುತ್ತದೆ. ಅಳತೆ ಹುಟ್ಟುವ ಜಾಗವನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಅಕ್ಟೋಬರ್‌ನಲ್ಲಿ ತೀರಾ ಇಕ್ಕಟ್ಟಾದರೆ ಕಾಲು, ಗಾರ್ಡ್, ಟ್ರಾಲಿಯಂಥ ಅಳತೆ ಬಿಗಿ ಇಲ್ಲದ್ದನ್ನು ಮಾತ್ರ ಹೊರಗೆ ಕೊಡಿ.

ಲೇಸರ್ ಮಷೀನ್‌ಗೆ ಉತ್ತರ ಸುಲಭ. ನಿಮ್ಮ ಒಂದು ಯಂತ್ರದ ಶೀಟ್ ಕತ್ತರಿಸಲು ಸುಮಾರು 40 ನಿಮಿಷ ಎಂದು ಪೀಣ್ಯದವರ ಬಿಲ್ಲಿನಲ್ಲಿದೆ. 320 ಯಂತ್ರಕ್ಕೆ 213 ಗಂಟೆ. ವರ್ಷವಿಡೀ ತಿಂಗಳೊಪ್ಪತ್ತು ಓಡುವ ಮಷೀನಿಗೆ 28 ಲಕ್ಷ, ಅದರ ಬಡ್ಡಿ, ಆಪರೇಟರ್ ಸಂಬಳ, ಗ್ಯಾಸ್. ನೀವೀಗ ಕೊಡುತ್ತಿರುವುದು ವರ್ಷಕ್ಕೆ 5.76 ಲಕ್ಷ. ಹಾಸನದಲ್ಲೇ ನಾಲ್ಕಾರು ವರ್ಕ್‌ಶಾಪ್ ಸೇರಿ ಎಲ್ಲರೂ ಬಳಸುವಂತೆ ಒಂದು ಕೊಂಡರೆ ಅರ್ಥ ಇದೆ. ಒಬ್ಬರೇ ಬೇಡ.

ತೆರಿಗೆಯ ಒಂದು ಒಳಸುಳಿ, ಇದನ್ನು ಆಡಿಟರ್ ಹತ್ತಿರ ಕೂತು ಮಾತಾಡಿ. 2025ರ ಸೆಪ್ಟೆಂಬರ್ 22ರಿಂದ ಥ್ರೆಷರ್‌ನಂಥ ಕೃಷಿ ಯಂತ್ರಗಳ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಪಲ್ಪರ್ ಯಾವ ಕೋಡ್‌ಗೆ ಬರುತ್ತದೆ ಎಂದು ಅವರ ಬಳಿ ಖಚಿತ ಮಾಡಿಕೊಳ್ಳಿ. ಶೀಟ್, ಮೋಟಾರ್‌ಗೆ ನೀವು ಕೊಡುವುದು ಶೇ 18. ಹೆಚ್ಚಿಗೆ ಕಟ್ಟಿ ಉಳಿದ ಕ್ರೆಡಿಟ್ ವಾಪಸ್ ಕೇಳಬಹುದು. ಆದರೆ ಆ ಲೆಕ್ಕದಲ್ಲಿ ಸರಕಿನ ಮೇಲೆ ಕಟ್ಟಿದ ತೆರಿಗೆ ಮಾತ್ರ ಬರುತ್ತದೆ, ಸೇವೆಯ ಮೇಲೆ ಕಟ್ಟಿದ್ದು ಬರುವುದಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ನೀವು ಶೀಟ್ ಕಳಿಸಿ ಲೇಸರ್ ಮಾಡಿಸಿದರೆ ಅದು ಜಾಬ್ ವರ್ಕ್, ಅಂದರೆ ಸೇವೆ. ಅವರೇ ಶೀಟ್ ಹಾಕಿ ಕತ್ತರಿಸಿದ ಪ್ಲೇಟ್ ಮಾರಿದರೆ ಅದು ಸರಕು. ಕೆಲಸ ಒಂದೇ, ವಾಪಸ್ ಬರುವ ದುಡ್ಡು ಬೇರೆ. ಅವರ ಶೀಟ್ ಬೆಲೆ ನೋಡಿಕೊಂಡು ಒಪ್ಪಂದ ಬದಲಿಸಿ.

ಇನ್ನು ಸಣ್ಣ ಫೌಂಡ್ರಿ, ಸಣ್ಣ ಜಾಬ್ ವರ್ಕ್‌ನವರಿಗೆ ದುಡ್ಡು ನಿಲ್ಲಿಸಬೇಡಿ. ಅವರು ನೋಂದಾಯಿತ ಕಿರು ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, ಬರವಣಿಗೆಯ ಒಪ್ಪಂದ ಇಲ್ಲದಿದ್ದಲ್ಲಿ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಗಡುವು ಮೀರಿ ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಆ ವರ್ಷ ಕಳೆಯಲು ಬಿಡುವುದಿಲ್ಲ. 2023-24ರಿಂದ ಈ ನಿಯಮ ಇದೆ. ಖರೀದಿ 84ರಿಂದ 132 ಲಕ್ಷಕ್ಕೆ ಏರಿಸಿಕೊಂಡವರಿಗೆ ಇದು ಹೆಚ್ಚು ತಟ್ಟುತ್ತದೆ.

ಈ ವರ್ಷ ಮಾಡಬೇಕಾದ್ದು ಹೆಚ್ಚೇನಿಲ್ಲ. ಲೇಸರ್, ಪಿಲ್ಲೋ ಬ್ಲಾಕ್, ಡ್ರಮ್ ಶೀಟ್ ಹಾಗೇ ನಡೆಯಲಿ. ಪೇಂಟ್ ಒಳಗೆ ಬರಲಿ. ಟರ್ನರ್ ಹುಡುಕಿ. ಫೌಂಡ್ರಿಗೆ ಗೇಜ್ ಮತ್ತು ಹೊಸ ಆರ್ಡರ್ ಕಾಗದ ಕೊಡಿ, 25 ಸೆಟ್‌ನ ಒಂದು ಲಾಟ್ ನೋಡಿ. ಹೊರಗಿಂದ ಬಂದ ಪ್ರತಿ ಲಾಟ್‌ಗೂ ಇಳಿಸಿ ಪರೀಕ್ಷಿಸಲು ಎಷ್ಟು ಗಂಟೆ, ಸರಿಪಡಿಸಲು ಎಷ್ಟು ಗಂಟೆ, ಮಾಲು ಬಾರದೆ ಕಾದದ್ದು ಎಷ್ಟು ಗಂಟೆ ಎಂದು ಮೇಸ್ತ್ರಿ ಮೂರು ಕಾಲಂ ಬರೆಯಲಿ. ಶಿರಾಡಿ ಘಾಟಿ ಮುಚ್ಚಿ ಕರಾವಳಿ ಕಡೆಯ ಸಾಮಾನು ನಿಂತ ದಿನವೂ ಅದರಲ್ಲಿ ಬರಲಿ. ಮಾರ್ಚ್ ಕೊನೆಗೆ ಆ ಪುಸ್ತಕ ನನಗೆ ಕಳಿಸಿ. ಕಾಸ್ಟಿಂಗ್ ಸರಿಪಡಿಸುವ ಕೆಲಸ ಸೆಟ್‌ಗೆ ಅರ್ಧ ಗಂಟೆಗೆ ಇಳಿದಿದ್ದರೆ ಆಗ ನಾಲ್ಕೂವರೆ ಗಂಟೆ ಉಳಿದಂತೆ, ಗಂಟೆಗೆ 267. ಸೀಸನ್‌ನ ಇಕ್ಕಟ್ಟಿಗೆ ಮಾತ್ರ ಹೊರಗಿನಿಂದ ತರಿಸಿ, ಉಳಿದದ್ದು ಲೇತ್‌ಗೆ. ಒಂದೂವರೆ ಗಂಟೆಗಿಂತ ಕೆಳಗೆ ಇಳಿಯದಿದ್ದರೆ ಆ ಫೌಂಡ್ರಿಯಿಂದ ಒರಟು ಎರಕ ಮಾತ್ರ ತೆಗೆದುಕೊಳ್ಳಿ.